ಕೊಂಬಿನಕ್ಷರದ ಬೋರಲಿಂಗ

ಕೂತೋರು ಕೂತೇ ಇರಿ, ನಿಂತೋರು ಗೋಡೆಗೆ ಒರಗಿ, ಕೆಮ್ಮೋರು ಈಗಲೇ ಕೆಮ್ಮಿ ಮುಗಿಸಿ. ಹೆಗ್ಗೆರೆಪೇಟೆಯ ಬೋರಲಿಂಗನ ಸಮಾಚಾರ ಹೇಳ್ತೀನಿ.

ಹೆಗ್ಗೆರೆಪೇಟೆಯಲ್ಲಿ ದ್ಯಾವೀರಮ್ಮ ಅಂತ ಒಬ್ಬಳಿದ್ದಳು. ಗಂಡ ಮುದ್ದಲಿಂಗಯ್ಯ ತೀರಿಕೊಂಡು ಹತ್ತು ವರ್ಷವಾಗಿತ್ತು. ಉಳ್ಳವರ ಮನೆಗೆ ಹೋಗಿ ಹಪ್ಪಳ ಸಂಡಿಗೆ ಇಟ್ಟುಕೊಟ್ಟು ಬದುಕು ನಡೆಸುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಬೋರಲಿಂಗ. ವಯಸ್ಸು ಇಪ್ಪತ್ತಾರು. ತೋಳು ನೋಡಿದರೆ ಎತ್ತಿನ ಹೆಗಲು, ಎದೆ ನೋಡಿದರೆ ಊರಬಾಗಿಲು. ತಲೆ ಮಾತ್ರ ಬಾಡಿಗೆಗೆ ಯಾರೂ ಬರದ ಮನೆ.

ಕೆಟ್ಟವನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ, ಹೇಳಿದ್ದನ್ನೇ ಮಾಡುತ್ತಿದ್ದ. ಒಂದು ದಿನ ದ್ಯಾವೀರಮ್ಮ ಒಲೆಯ ಮೇಲೆ ಹಾಲಿಟ್ಟು, ಉಕ್ಕಿದರೆ ನೋಡು ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಪಾತ್ರೆ ಬರಿದು, ಒಲೆ ಆರಿದೆ, ಮಗ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಏನಾಯಿತೋ ಅಂದರೆ, ಉಕ್ಕಿತು ಅವ್ವ, ಪೂರ್ತಿ ನೋಡಿದೆ, ಬಲು ಚೆನ್ನಾಗಿ ಉಕ್ಕಿತು ಅಂದ. ಅವರಜ್ಜಿ ಸತ್ತಾಗ, ಅಜ್ಜಿ ಹೋಗಿಬಿಟ್ಟಳು ಅಂತ ನೆಂಟರಿಗೆ ತಿಳಿಸಿ ಬಾ ಅಂತ ಅಟ್ಟಿದ್ದಳು. ಹೋಗಿ ತಿಳಿಸಿದ. ಎಲ್ಲಿಗೆ ಹೋದಳಪ್ಪ ಅಂತ ನೆಂಟರು ಕೇಳಿದ್ದಕ್ಕೆ, ಹೇಳಿ ಹೋಗಲಿಲ್ಲ ಅಂದ. ಬಂದಮೇಲೆ ಹೇಳಿಕಳಿಸು ಅಂದರು ಅವರು. ಅಜ್ಜಿಯ ತಿಥಿ ಮುಗಿದು ಎಂಟು ದಿನವಾದರೂ ಆ ಕಡೆಯ ನೆಂಟರು ಅಜ್ಜಿ ಬರುವುದನ್ನೇ ಕಾಯುತ್ತಿದ್ದರು.

ಇಂಥವನಿಗೆ ಒಂದು ಕೆಲಸ ಅಂತ ಸಿಕ್ಕಿದರೆ ಸಾಕಾಗಿತ್ತು ದ್ಯಾವೀರಮ್ಮನಿಗೆ. ನಲ್ಲಿಯ ಹತ್ತಿರ ಹೆಂಗಸರು ತಂತಮ್ಮ ಮಕ್ಕಳ ಸುದ್ದಿ ಎತ್ತಿದಾಗಲೆಲ್ಲ ಅವಳು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದಳು. ನನ್ನ ಮಗ ಕೆಲಸಕ್ಕೆ ಹೋಗಿದ್ದಾನೆ ಅನ್ನುವ ಒಂದು ಮಾತನ್ನು ಅವಳು ಬಾಯಲ್ಲಿ ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದಳು. ಆಡುವುದಕ್ಕೆ ಸಂದರ್ಭ ಬಂದಿರಲಿಲ್ಲ.

ಆ ಊರಲ್ಲಿ ಪುಟ್ಟರಂಗಶೆಟ್ಟರದ್ದೊಂದು ಅಚ್ಚುಕೂಟ. ಮದುವೆ ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಸತ್ತವರ ವೈಕುಂಠ ಸಮಾರಾಧನೆ, ಎಲ್ಲ ಅಲ್ಲೇ. ಅಲ್ಲಿದ್ದ ಅಚ್ಚುಯಂತ್ರ ಅಜ್ಜನ ಕಾಲದ್ದು. ಹಿಡಿಕೆ ಹಿಡಿದು ಎಳೆದರೆ ಒಂದು ಕಾಗದ ಅಚ್ಚಾಗುತ್ತಿತ್ತು, ಎಳೆದವನ ನಡು ಹಿಡಿಯುತ್ತಿತ್ತು. ಅದನ್ನು ಎಳೆಯಲು ಇಬ್ಬರು ಬೇಕು. ಬಂದವರು ವಾರ ನಿಲ್ಲುತ್ತಿರಲಿಲ್ಲ. ದ್ಯಾವೀರಮ್ಮ ಶೆಟ್ಟರ ಮನೆಗೆ ಹಪ್ಪಳ ಇಡಲು ಹೋದವಳು ಮಗನನ್ನೂ ಕರೆದುಕೊಂಡು ಹೋದಳು. ಶೆಟ್ಟರು ಅಚ್ಚುಕೂಟಕ್ಕೆ ಕರೆದೊಯ್ದು ಹಿಡಿಕೆ ತೋರಿಸಿದರೆ ಬೋರಲಿಂಗ ಒಂದೇ ಕೈಯಲ್ಲಿ ಎಳೆದ. ಯಂತ್ರವೇ ಒಂದು ಗೇಣು ಮುಂದೆ ಬಂತು. ಶೆಟ್ಟರು ಬೇರೇನೂ ವಿಚಾರಿಸದೆ ನಾಳೆಯಿಂದ ಬಾ ಅಂದರು.

ಆ ಅಚ್ಚುಕೂಟಕ್ಕೆ ಒಂದು ಹೆಮ್ಮೆಯಿತ್ತು. ಕರಾವಳಿಯ ಕಡೆಯಿಂದ ಬಂದ ಪಾಸ್ಕು ಅನ್ನುವ ಬಡಗಿ, ಇಗರ್ಜಿ ಅನ್ನುವ ಕ್ರೈಸ್ತರ ಗುಡಿಗಳಿಗೆ ಕಿಟಕಿ ಬಾಗಿಲು ಕೆತ್ತುತ್ತಿದ್ದವನು, ಶೆಟ್ಟರ ತಂದೆಗೆ ಒಂದು ಪೆಟ್ಟಿಗೆ ಮರದ ಅಕ್ಷರ ಕೆತ್ತಿಕೊಟ್ಟಿದ್ದ. ಕನ್ನಡದ ಅಕ್ಷರವೇ. ಆದರೆ ಅವನಿಗೆ ಗೊತ್ತಿದ್ದದ್ದು ಇಗರ್ಜಿಯ ಕೆತ್ತನೆ ಒಂದೇ. ನಮ್ಮ ದುಂಡುದುಂಡು ಅಕ್ಷರಕ್ಕೆಲ್ಲ ಅವನು ಚೂಪು ಕಮಾನು ಎಬ್ಬಿಸಿದ್ದ. ತಲೆಕಟ್ಟಿನ ಎರಡು ತುದಿಯಲ್ಲಿ ಎಮ್ಮೆಕೊಂಬಿನ ಹಾಗೆ ಮೇಲಕ್ಕೆ ಸೆಟೆದ ಮೊನೆ, ಹೊಟ್ಟೆಯಲ್ಲಿ ಬಳ್ಳಿ, ಕಾಲ ಬುಡದಲ್ಲಿ ಸಣ್ಣ ಸಣ್ಣ ಗೊರಸು. ದೊಡ್ಡ ಅಳತೆಯದು ಒಂದೊಂದೂ ಅಂಗೈ ಅಗಲ, ಚಿಕ್ಕ ಅಳತೆಯದು ಎರಡು ಬೆರಳಗಲ. ಊರವರು ಅದಕ್ಕೆ ಕೊಂಬಿನಕ್ಷರ ಅಂತ ಹೆಸರಿಟ್ಟಿದ್ದರು. ಮೇಲಿನ ಒಂದು ಸಾಲಿಗೆ ಮಾತ್ರ ಅದನ್ನು ಹಾಕುತ್ತಿದ್ದರು ಶೆಟ್ಟರು. ಒಂದು ಸಾಲು ಹಾಕಿದರೆ ಮದುವೆಮನೆ, ಹತ್ತು ಸಾಲು ಹಾಕಿದರೆ ಮುಳ್ಳುಬೇಲಿ ಅನ್ನುತ್ತಿದ್ದರು. ಸುತ್ತ ಏಳು ಊರಿನಲ್ಲಿ ಅಂಥ ಅಕ್ಷರ ಇನ್ನೊಂದು ಕಡೆ ಇರಲಿಲ್ಲ.

ಬೋರಲಿಂಗ ಆ ಪೆಟ್ಟಿಗೆ ತೆರೆದು ನೋಡಿದವನು ಹಾಗೇ ನಿಂತುಬಿಟ್ಟ. ಸೀಸದ ಸಣ್ಣ ಅಚ್ಚುಮೊಳೆಗಳು ಅವನ ದಪ್ಪ ಬೆರಳಿಗೆ ಅಕ್ಕಿಕಾಳಿನ ಹಾಗೆ, ಹಿಡಿದರೆ ಉದುರುತ್ತಿದ್ದವು. ಇವು ಹಾಗಲ್ಲ, ಕೈಗೆ ತುಂಬಿ ಬರುತ್ತಿದ್ದವು. ಹುಟ್ಟಿದಮೇಲೆ ಮೊದಲ ಸಲ ಒಂದು ವಸ್ತು ಚೆಂದ ಅಂತ ಅವನಿಗೆ ಅನ್ನಿಸಿತು. ಪ್ರತಿ ಬೆಳಿಗ್ಗೆ ಒಂದೊಂದನ್ನೂ ಕರುವಿನ ಮೈ ತಿಕ್ಕಿದ ಹಾಗೆ ಎಣ್ಣೆಬಟ್ಟೆಯಲ್ಲಿ ಒರೆಸಿಡುತ್ತಿದ್ದ.

ಕೆಲಸಕ್ಕೆ ಹೊರಟ ಮೊದಲ ದಿನವೇ ದ್ಯಾವೀರಮ್ಮ ಮಗನ ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟು, ಒಂದು ಮಾತು ಹೇಳಿದ್ದಳು. ಏನಾದರೂ ಮಾಡು ಮಗ, ನಿಮ್ಮಪ್ಪನ ಹೆಸರಿಗೆ ಮಾತ್ರ ಮಸಿ ಬಳಿಯಬೇಡ.

ಆಗಲಿ ಅವ್ವ, ಹಂಗೇ ಮಾಡ್ತೀನಿ ಅಂದ ಬೋರಲಿಂಗ.

ಒಂದು ವಾರ ಹೋಯಿತು. ಒಂದು ಲಗ್ನಪತ್ರಿಕೆ ಬಂತು. ಹುಡುಗಿ ಜಲಜಾಕ್ಷಿ, ಹುಡುಗನ ಹೆಸರು ಮುದ್ದಲಿಂಗಯ್ಯ. ಶೆಟ್ಟರು ಇಬ್ಬರ ಹೆಸರನ್ನೂ ಮೇಲಿನ ಸಾಲಿಗೆ ಹಾಕಿ ಜೋಡಿಸಿ ಇಟ್ಟು, ಮುನ್ನೂರು ಎಳೆದಿಡು, ಹುಡುಗಿಯ ಸೋದರಮಾವ ಬಂದರೆ ಕಟ್ಟಿ ಕೊಟ್ಟುಬಿಡು ಅಂತ ಹೇಳಿ ಕಾಗದ ತರಲು ಪಕ್ಕದೂರಿಗೆ ಹೋದರು. ಬೋರಲಿಂಗ ಉರುಳೆಯಲ್ಲಿ ಮಸಿ ತೆಗೆದುಕೊಂಡು ಅಕ್ಷರಗಳ ಮೇಲೆ ಉರುಳಿಸಿದ. ಕಾಗದ ಇಡುವ ಮೊದಲು ಒಂದು ಸಲ ಓದಿದ. ಓದಿದವನು ಉರುಳೆ ಕೆಳಗಿಟ್ಟ. ಅಪ್ಪನ ಹೆಸರು, ಅದೂ ಕೊಂಬಿನಕ್ಷರದಲ್ಲಿ, ಅದರ ತುಂಬ ಮಸಿ.

ತಕ್ಷಣ ತೊಳೆದ ಬಟ್ಟೆ ತಂದು ಅಪ್ಪನ ಹೆಸರನ್ನು ಒರೆಸಿದ. ಕೊಂಬಿನ ಸಂದಿಯಲ್ಲಿ ಉಳಿದದ್ದನ್ನು ಕಡ್ಡಿಯಲ್ಲಿ ತೆಗೆದ. ಆಮೇಲೆ ಕಾಗದ ಇಟ್ಟು ಎಳೆದ. ಮತ್ತೆ ಮಸಿ, ಮತ್ತೆ ಒರೆಸು, ಮತ್ತೆ ಎಳೆ. ಮುನ್ನೂರು ಸಲ ಉರುಳಿಸಿದ, ಮುನ್ನೂರು ಸಲ ಒರೆಸಿದ. ಅಷ್ಟು ನಿಷ್ಠೆಯಿಂದ ಆ ಅಚ್ಚುಕೂಟದಲ್ಲಿ ಯಾರೂ ಯಾವತ್ತೂ ಕೆಲಸ ಮಾಡಿರಲಿಲ್ಲ. ಸೋದರಮಾವ ಬಸ್ಸಿಗೆ ಹೊತ್ತಾಯಿತೆಂದು ಕಟ್ಟು ಬಿಚ್ಚದೆ ತೆಗೆದುಕೊಂಡು ಹೋಗಿ ಮೂರು ದಿನದಲ್ಲಿ ನೆಂಟರಿಗೆಲ್ಲ ಹಂಚಿದ.

ಪತ್ರಿಕೆಯಲ್ಲಿ ಜಲಜಾಕ್ಷಿ ಇದ್ದಳು, ಮುಹೂರ್ತ ಇತ್ತು, ಛತ್ರ ಇತ್ತು, ಊಟ ಇತ್ತು. ಗಂಡಿನ ಜಾಗ ಖಾಲಿ ಇತ್ತು. ಹುಡುಗನನ್ನು ಇನ್ನೂ ಗೊತ್ತುಮಾಡಿಲ್ಲ ಅಂತ ತಿಳಿದು ನಾಲ್ಕು ಮನೆಯವರು ಮಗನ ಜಾತಕ ಹಿಡಿದುಕೊಂಡು ಬಂದರು. ಒಬ್ಬನಂತೂ ಬಾಸಿಂಗವನ್ನೂ ತಂದಿದ್ದನಂತೆ. ನಿಜವಾದ ಮದುಮಗ ಮಾವನ ಮನೆಗೆ ಬಂದು, ನನ್ನನ್ನು ಯಾಕೆ ಬಿಟ್ಟಿರಿ ಅಂತ ಜಗಲಿಯ ಮೇಲೆ ಕೂತು ಅತ್ತ.

ಶೆಟ್ಟರು ಬೋರಲಿಂಗನನ್ನು ಎದುರಿಗೆ ನಿಲ್ಲಿಸಿಕೊಂಡು ಬೈದರು. ಅವನು ಅಮ್ಮ ಹೇಳಿದ ಮಾತನ್ನು ಹೇಳಿದ. ಶೆಟ್ಟರು ಉರುಳೆ ಎತ್ತಿ ಅವನ ಕೈಗೆ ಕೊಟ್ಟರು. ಆಮೇಲೆ, ನೋಡು, ಇಲ್ಲಿ ಅಪ್ಪ ಇಲ್ಲ, ಅಮ್ಮ ಇಲ್ಲ, ಈ ಕಲ್ಲಿನ ಮೇಲೆ ಏನಿದ್ದರೂ ಸರಿ, ಕಣ್ಣು ಮುಚ್ಚಿಕೊಂಡು ಮಸಿ ಹಚ್ಚು ಅಂದರು. ಕಲ್ಲು ಅಂದರೆ ಅಕ್ಷರ ಜೋಡಿಸಿಡುವ ಚಪ್ಪಡಿ.

ಆಗಲಿ ಯಜಮಾನ್ರೇ, ಹಂಗೇ ಮಾಡ್ತೀನಿ ಅಂದ.

ಆ ವಾರವೇ ಅಚ್ಚುಕೂಟಕ್ಕೆ ಚಂದ್ರಮೌಳಪ್ಪನವರು ಬಂದರು. ಊರಿನ ಪುರಸಭೆಗೆ ಅಧ್ಯಕ್ಷರು. ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಖಾದಿ, ತಲೆಯ ಮೇಲೆ ಬಿಳಿ ಟೋಪಿ. ಟೋಪಿಯ ಕೆಳಗೆ ಕೂದಲು ಅನ್ನುವುದು ಸ್ವಾತಂತ್ರ್ಯ ಬರುವ ಮೊದಲೇ ಹೊರಟುಹೋಗಿತ್ತು. ಅವರಿಗೆ ಅರವತ್ತು ತುಂಬುತ್ತಿತ್ತು, ಊರವರೆಲ್ಲ ಸೇರಿ ತಮಗೆ ಸನ್ಮಾನ ಮಾಡಬೇಕೆಂದು ಅವರೇ ನಿಶ್ಚಯ ಮಾಡಿದ್ದರು. ಗೋಡೆಗೆ ಅಂಟಿಸುವ ಭಿತ್ತಿಪತ್ರ ಬೇಕು, ಕೊನೆಗೆ ಕೈಗೆ ಕೊಡುವ ಮಾನಪತ್ರ ಬೇಕು, ಎರಡಕ್ಕೂ ಕೊಂಬಿನಕ್ಷರವೇ ಆಗಬೇಕು. ಶೆಟ್ಟರು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಹಳೆಯ ಮಾದರಿಗಳನ್ನು ತೋರಿಸತೊಡಗಿದರು. ಸೆಕೆ ಇತ್ತು. ಅಧ್ಯಕ್ಷರು ಒಳಗೆ ಹೋಗುವಾಗ ಟೋಪಿ ತೆಗೆದು ಕಲ್ಲಿನ ಮೇಲೆ ಇಟ್ಟು ಹೋದರು.

ಬೋರಲಿಂಗ ಬಂದ. ಕಣ್ಣು ಮುಚ್ಚಿದ. ಉರುಳೆ ತೆಗೆದುಕೊಂಡು ಕಲ್ಲಿನ ಈ ತುದಿಯಿಂದ ಆ ತುದಿಯವರೆಗೆ ಹಚ್ಚಿದ. ಏನೋ ಮೆತ್ತಗಿದೆ ಅನ್ನಿಸಿತು. ಆದರೆ ಏನು ಅಂತ ನೋಡುವಂತಿರಲಿಲ್ಲವಲ್ಲ. ಯಂತ್ರಕ್ಕೆ ಸರಿಸಿ, ಕಾಗದ ಇಟ್ಟು, ಹಿಡಿಕೆ ಎಳೆದ.

ಅಧ್ಯಕ್ಷರು ಹೊರಗೆ ಬಂದಾಗ ಅವರ ಟೋಪಿ ಹಪ್ಪಳವಾಗಿತ್ತು, ಕರೀ ಹಪ್ಪಳ. ಪಕ್ಕದಲ್ಲಿ ಕಾಗದದ ಮೇಲೆ ಟೋಪಿಯ ಚಿತ್ರ, ಹೊಲಿಗೆ ಸಮೇತ, ಎಳೆ ಎಳೆಯಾಗಿ ಬಂದಿತ್ತು. ಅಚ್ಚು ಬಲು ಚೊಕ್ಕವಾಗಿತ್ತು ಅನ್ನುವುದನ್ನು ಶೆಟ್ಟರೂ ಮನಸ್ಸಿನಲ್ಲೇ ಒಪ್ಪಿಕೊಂಡರು. ಅಧ್ಯಕ್ಷರು ಕೆಂಪಗಾಗಿ ಹೊರಟೇಬಿಟ್ಟರು. ಬಾಗಿಲ ತನಕ ಹೋದರು. ಅಲ್ಲಿ ಗೋಡೆಗೆ ತೂಗುಹಾಕಿದ್ದ ಕೊಂಬಿನಕ್ಷರದ ಹಳೆಯ ನಾಟಕದ ಕಾಗದ ಕಣ್ಣಿಗೆ ಬಿತ್ತು. ಆ ಜಾಗದಲ್ಲಿ ತಮ್ಮ ಹೆಸರನ್ನು ನೆನೆಸಿಕೊಂಡರು. ಬೇರೆ ಊರಿನಲ್ಲಿ ಈ ಅಕ್ಷರ ಸಿಕ್ಕುವುದಿಲ್ಲ ಅನ್ನುವುದನ್ನೂ ನೆನೆಸಿಕೊಂಡರು. ಶನಿವಾರ ಕರಡು ಕಳಿಸಿ, ತಿದ್ದಿ ಕೊಡ್ತೀನಿ ಅಂತ ಹೇಳಿ ಬೋಳುತಲೆಯಲ್ಲೇ ಬಿಸಿಲಿಗೆ ನಡೆದರು.

ಮನೆಯಲ್ಲಿ ದ್ಯಾವೀರಮ್ಮ ಸುದ್ದಿ ಕೇಳಿ ಹಣೆ ಚಚ್ಚಿಕೊಂಡಳು. ನಲ್ಲಿಯ ಹತ್ತಿರ ಅವಳು ಮಗ ಕೆಲಸಕ್ಕೆ ಹೋಗಿದ್ದಾನೆ ಅನ್ನುವ ಆ ಮಾತು ಆಡಿ ಇನ್ನೂ ಹದಿನೈದು ದಿನವಾಗಿರಲಿಲ್ಲ. ಮಗನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದಳು. ಕಣ್ಣು ದೇವರು ಕೊಟ್ಟಿರೋದು ನೋಡೋದಕ್ಕೆ. ಅಧ್ಯಕ್ಷರು ಓದಿದೋರು, ದೊಡ್ಡೋರು. ಅವರು ಏನು ಬರೆದುಕೊಟ್ಟಿರ್ತಾರೋ ಅದನ್ನು ಕಣ್ಣು ಬಿಟ್ಟು ನೋಡು. ಒಂದಕ್ಷರ ಬಿಡದೆ ಹಂಗೇ ಹಾಕು.

ಆಗಲಿ ಅವ್ವ, ಹಂಗೇ ಮಾಡ್ತೀನಿ ಅಂದ.

ಶನಿವಾರ ಕರಡು ಹೋಯಿತು, ಸೋಮವಾರ ವಾಪಸ್ಸು ಬಂತು. ಭಿತ್ತಿಪತ್ರದಲ್ಲಿ ಇದ್ದದ್ದೆಲ್ಲ ಕೊಂಬಿನಕ್ಷರವಾದ್ದರಿಂದ, ಶೆಟ್ಟರಿಗೆ ಕಣ್ಣುಪೊರೆ ಬೇರೆ ಬರುತ್ತಿದ್ದುದರಿಂದ, ಆ ಅಕ್ಷರಗಳನ್ನು ಜೋಡಿಸುವುದನ್ನು ಬೋರಲಿಂಗನಿಗೇ ಬಿಟ್ಟಿದ್ದರು. ಅವನಿಗೆ ಅವು ಒಂದೊಂದೂ ಕೈಯಲ್ಲೇ ಗೊತ್ತಿದ್ದವು. ಅಧ್ಯಕ್ಷರು ತಮ್ಮ ಹೆಸರಿನ ಪಕ್ಕದಲ್ಲಿ ಕೆಂಪು ಶಾಯಿಯಿಂದ ಮೂರು ಮಾತು ಬರೆದಿದ್ದರು. ಹೆಸರನ್ನು ಬೋರಲಿಂಗ ಚಿಕ್ಕ ಅಳತೆಯ ಅಕ್ಷರದಲ್ಲಿ ಹಾಕಿದ್ದ, ಅದು ಅವರಿಗೆ ಹಿಡಿಸಿರಲಿಲ್ಲ, ಅಷ್ಟೇ.

ಬೋರಲಿಂಗ ಕಣ್ಣು ಬಿಟ್ಟು ನೋಡಿದ. ಒಂದಕ್ಷರ ಬಿಡಲಿಲ್ಲ. ಮಾರನೇ ಬೆಳಿಗ್ಗೆ ಹೆಗ್ಗೆರೆಪೇಟೆಯ ಎಲ್ಲ ಗೋಡೆಗಳ ಮೇಲೂ ಅಂಗೈ ಅಗಲದ ಅಕ್ಷರದಲ್ಲಿ ಹೀಗಿತ್ತು:

ಪುರಸಭೆಯ ಅಧ್ಯಕ್ಷರಾದ
ಶ್ರೀ ಚಂದ್ರಮೌಳಪ್ಪನವರು
ತೀರಾ ಸಣ್ಣಗಾಯಿತು
ಇನ್ನೂ ದಪ್ಪ ಬೇಕು
ಕೊಂಬು ಎದ್ದು ಕಾಣಲಿ

ಊರು ಅದನ್ನು ನಂಬಿತು. ಅಚ್ಚಾದದ್ದನ್ನು ನಂಬದೆ ಇರುತ್ತಾರೆಯೆ? ಅಧ್ಯಕ್ಷರು ಕಡ್ಡಿಯ ಹಾಗಿರುವುದು ಎಲ್ಲರಿಗೂ ಗೊತ್ತಿದ್ದದ್ದೇ, ಪಾಪ, ಈಗ ತಾವೇ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ ಅಂದುಕೊಂಡರು. ಮೇಲಿನ ಬೀದಿಯ ಒಬ್ಬ ಮುದುಕಿ ಒಂದು ಕುಡಿಕೆ ಎಮ್ಮೆಬೆಣ್ಣೆ ಕಳಿಸಿದಳು. ಗರಡಿಮನೆಯಿಂದ, ನಾಳೆ ಬೆಳಿಗ್ಗೆ ಲಂಗೋಟಿ ಕಟ್ಟಿಕೊಂಡು ಬನ್ನಿ, ಆರು ತಿಂಗಳಲ್ಲಿ ಎದೆ ಬರಿಸ್ತೀವಿ ಅಂತ ಹೇಳಿಕಳಿಸಿದರು. ಕೊಂಬಿನ ವಿಷಯದಲ್ಲಿ ಮಾತ್ರ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ.

ಅಧ್ಯಕ್ಷರು ಬಂದು ಕೂಗಾಡಿ ಹೋದಮೇಲೆ ಶೆಟ್ಟರು ಬೋರಲಿಂಗನಿಗೆ ಹೊಡೆಯಲು ಕೈ ಎತ್ತಿದರು. ಅವನ ತೋಳು ನೋಡಿ ಕೈ ಇಳಿಸಿದರು. ಮನೆಗೆ ಹೋಗು ಅನ್ನಬೇಕೆಂದಿದ್ದರು. ಆದರೆ ಸನ್ಮಾನಕ್ಕೆ ಐದೇ ದಿನ, ಯಂತ್ರ ಎಳೆಯಲು ಇನ್ನೊಬ್ಬನಿಲ್ಲ. ಅದೂ ಅಲ್ಲದೆ ದ್ಯಾವೀರಮ್ಮ ಅಷ್ಟು ಹೊತ್ತಿಗೆ ಬಂದು ಹೊಸಿಲ ಮೇಲೆ ಕೂತಿದ್ದಳು. ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತ ಕೂತಿದ್ದಳು, ಅಷ್ಟೇ. ಶೆಟ್ಟರಿಗೆ ಅದನ್ನು ನೋಡಲಾಗಲಿಲ್ಲ.

"ಕೇಳಿಲ್ಲಿ," ಅಂದರು ಬೋರಲಿಂಗನಿಗೆ. "ಇನ್ನು ಮೇಲೆ ಯಾರು ಬರೆದದ್ದನ್ನೂ ನೀನು ಓದಕೂಡದು. ನನ್ನ ಬಾಯಿಂದ ಏನು ಬರುತ್ತೋ ಅದಷ್ಟನ್ನೇ ಮಾಡು. ಬಂದ ಕೂಡಲೇ ಮಾಡು."

ಆಗಲಿ ಯಜಮಾನ್ರೇ, ಹಂಗೇ ಮಾಡ್ತೀನಿ ಅಂದ. ತಾಯಿ ಹೊಸಿಲಿಂದ ಎದ್ದು ಹೋಗುವುದನ್ನು ಬಾಗಿಲಿಗೆ ಬಂದು ನೋಡಿದ. ಈ ಸಲ ತಪ್ಪಬಾರದು ಅಂತ ಮನಸ್ಸು ಗಟ್ಟಿಮಾಡಿಕೊಂಡ.

ಮಾನಪತ್ರದ ಮೇಲಿನ ಸಾಲು ಬಿಟ್ಟು ಉಳಿದದ್ದೆಲ್ಲ ಸಣ್ಣ ಅಕ್ಷರ. ಹೇ ಪುರಪಿತಾಮಹ, ಹೇ ನಲ್ಲಿನೀರಿನ ಭಗೀರಥ, ಹೇ ಚರಂಡಿ ಸುಧಾರಕ ಅಂತ ಮೂವತ್ತೆರಡು ಸಾಲು. ಬರೆದವರು ಅಧ್ಯಕ್ಷರೇ. ಶೆಟ್ಟರು ಪೊರೆಗಣ್ಣಿನಲ್ಲಿ, ಒಂದೊಂದು ಮೊಳೆಯನ್ನು ಮೂಗಿನ ತನಕ ತಂದು ನೋಡಿ, ಮೂರು ದಿನ ಕೂತು ಜೋಡಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ ಮುಗಿಯಿತು. ಕಲ್ಲಿನ ಮೇಲೆ ಇಟ್ಟು ಒಂದು ಸಲ ಓದಿದರು. ಮೂರನೆಯ ಸಾಲಿನಲ್ಲಿ ಕೀರ್ತಿ ಅನ್ನುವುದು ಕೀರ್ತ ಆಗಿತ್ತು. ಒಂದು ಗುಡಿಸು ಬಿದ್ದುಹೋಗಿತ್ತು. ನಡು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. ಊಟ ಮಾಡಿ ಬಂದು ಸರಿಮಾಡಿದರಾಯಿತು ಅಂದುಕೊಂಡು, ಮರೆಯಬಾರದೆಂದು ತಮಗೆ ತಾವೇ ಎರಡು ಸಲ ಹೇಳಿಕೊಳ್ಳುತ್ತ ಎದ್ದರು.

"ಮೂರನೇ ಸಾಲು ಗುಡಿಸು. ಮೂರನೇ ಸಾಲು ಗುಡಿಸು."

ಬೋರಲಿಂಗನ ವಿದ್ಯಾಭ್ಯಾಸದ ವಿಷಯ ಇಲ್ಲಿ ಹೇಳಬೇಕು. ಅವನು ಎರಡನೇ ತರಗತಿಯಲ್ಲಿ ಮೂರು ವರ್ಷ ಕೂತಿದ್ದ. ಮೇಷ್ಟ್ರು ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ ಅಂತ ಹೇಳಿಕೊಡುವಾಗ, ಗುಡಿಸು ಬಂದಾಗಲೆಲ್ಲ ಇವನು ಎದ್ದು ಮೂಲೆಯಿಂದ ಪೊರಕೆ ತಂದು ತರಗತಿ ಗುಡಿಸುತ್ತಿದ್ದ. ಶಾಲೆ ಚೊಕ್ಕಟವಾಗಿರುತ್ತೆ ಅಂತ ಮೇಷ್ಟ್ರೂ ತಿದ್ದಲಿಲ್ಲ. ಇಡೀ ಕಾಗುಣಿತ ಮುಗಿಯುವುದರೊಳಗೆ ಮೂವತ್ತನಾಲ್ಕು ಸಲ ಗುಡಿಸುತ್ತಿದ್ದ.

ಈಗಲೂ ಪೊರಕೆ ತಂದ. ಯಜಮಾನರ ಬಾಯಿಂದ ಬಂದಿದೆ, ಬಂದ ಕೂಡಲೇ ಮಾಡಬೇಕು. ಮೂರನೆಯ ಸಾಲನ್ನು ಗುಡಿಸಿದ. ಎಷ್ಟು ಜೋಪಾನವಾಗಿ ಗುಡಿಸಿದರೂ ಎರಡನೆಯದೂ ನಾಲ್ಕನೆಯದೂ ಜೊತೆಯಲ್ಲೇ ಬಂದವು. ಅರ್ಧ ಗುಡಿಸಿ ಅರ್ಧ ಬಿಟ್ಟರೆ ಮನೆಗೆ ಲಕ್ಷಣವಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಮೂವತ್ತೆರಡು ಸಾಲನ್ನೂ ಗುಡಿಸಿ, ಮೊರಕ್ಕೆ ತುಂಬಿ, ಕಲ್ಲನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಮೇಲೊಂದು ರಂಗೋಲಿಯನ್ನೂ ಎಳೆದ.

ಶೆಟ್ಟರು ಎಲೆಯಡಿಕೆ ಹಾಕಿಕೊಂಡು ಬಂದರು. ಕಲ್ಲು ನೋಡಿದರು. ಮೊರ ನೋಡಿದರು. ಬಾಯಿಗೆ ತುಂಬಿಕೊಂಡಿದ್ದ ಎಲೆಯಡಿಕೆಯಿಂದಾಗಿ ಮೊದಲಿಗೆ ಏನೂ ಹೇಳಲಾಗಲಿಲ್ಲ. ಉಗಿದು ಬಂದಮೇಲೆ ಅವರು ಬೈಯಲಿಲ್ಲ. ಮೊರದ ಮುಂದೆ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಹೇ ಪುರಪಿತಾಮಹನ ಹೇ ಹುಡುಕತೊಡಗಿದರು. ಬೋರಲಿಂಗ ಪಕ್ಕದಲ್ಲಿ ಕೂತು, ನಾನೂ ಆರಿಸಲೇ ಅಂತ ಕೇಳಿದ.

"ನೀನು ಅಕ್ಷರ ಮುಟ್ಟಬೇಡಪ್ಪ," ಅಂದರು ಶೆಟ್ಟರು, ಸೋತ ದನಿಯಲ್ಲಿ. "ನಾನು ಜೋಡಿಸಿ, ಕಟ್ಟಿ, ಕೈಗೆ ಕೊಡ್ತೀನಿ. ಎಲ್ಲಿ ಒತ್ತು ಅಂತೀನೋ ಅಲ್ಲಿ ಒತ್ತು. ಅದಕ್ಕಿಂತ ಹೆಚ್ಚು ಬೇಡ, ಕಡಿಮೆ ಬೇಡ."

ಆಗಲಿ ಯಜಮಾನ್ರೇ, ಹಂಗೇ ಮಾಡ್ತೀನಿ.

ಸನ್ಮಾನದ ದಿನ ಮಧ್ಯಾಹ್ನದ ಹೊತ್ತಿಗೆ ಹೇಗೋ ಮೂವತ್ತೆರಡು ಸಾಲು ಮತ್ತೆ ನಿಂತವು. ಬೋರಲಿಂಗ ಎಳೆದ. ಪುರಭವನದಿಂದ ಬಂದ ಜವಾನ ಮಸಿ ಆರುವುದನ್ನೂ ಕಾಯದೆ ಮಾನಪತ್ರವನ್ನು ಎತ್ತಿಕೊಂಡು ಓಡಿದ. ಅವನು ಬೀದಿಯ ತಿರುವು ದಾಟಿದಮೇಲೆ ಶೆಟ್ಟರು ಪೆಟ್ಟಿಗೆಯ ಕಡೆ ತಿರುಗಿದರು. ಕೊಂಬಿನಕ್ಷರ ಪೆಟ್ಟಿಗೆಯಲ್ಲೇ ಇತ್ತು. ಮೇಲಿನ ಸಾಲು, ಯಾವುದಕ್ಕಾಗಿ ಅಧ್ಯಕ್ಷರು ಟೋಪಿ ಹೋದರೂ ಮಾನ ಹೋದರೂ ಈ ಬಾಗಿಲಿಗೇ ಬರುತ್ತಿದ್ದರೋ ಆ ಸಾಲು, ಬಿಟ್ಟುಹೋಗಿತ್ತು.

ಶೆಟ್ಟರಿಗೆ ಓಡುವ ವಯಸ್ಸಲ್ಲ. ನಾಲ್ಕು ದೊಡ್ಡ ಅಕ್ಷರ ತೆಗೆದು, ಒಂದೇ ಕೈಯಲ್ಲಿ ಹಿಡಿಯಲು ಅನುಕೂಲವಾಗಲೆಂದು ಎರಡೆರಡಾಗಿ ದಾರದಲ್ಲಿ ಬಿಗಿದು ಕಟ್ಟಿದರು. ಒಂದರಲ್ಲಿ ಮಾನ, ಇನ್ನೊಂದರಲ್ಲಿ ಪತ್ರ. ಒಂದು ತಟ್ಟೆಗೆ ಮಸಿ ಹಾಕಿಕೊಟ್ಟರು.

"ಓಡು," ಅಂದರು. "ಅಧ್ಯಕ್ಷರ ತಲೆಬರಹ ಬಿಟ್ಟುಹೋಗಿದೆ. ಸನ್ಮಾನ ಆಗೋದರೊಳಗೆ ಒತ್ತಿ ಬಾ. ಮೇಲ್ಗಡೆ, ನಟ್ಟನಡುವೆ, ಗಟ್ಟಿಯಾಗಿ ಒತ್ತು. ಯಾರು ಬೇಡ ಅಂದರೂ ಕೇಳಬೇಡ."

ಬೋರಲಿಂಗ ಓಡಿದ. ಓಡುತ್ತ ಓಡುತ್ತ ಅವನಿಗೆ ಎಲ್ಲ ಅರ್ಥವಾಯಿತು. ಮಗು ಹುಟ್ಟಿದ ಆರನೆಯ ದಿನ ಬ್ರಹ್ಮ ಬಂದು ಹಣೆಯಲ್ಲಿ ಬರೆದು ಹೋಗುತ್ತಾನೆ ಅಂತ ಅಜ್ಜಿ ಹೇಳಿದ್ದಳು. ಈ ಅಧ್ಯಕ್ಷರ ಮನೆಗೆ ಬ್ರಹ್ಮ ಬಂದಿಲ್ಲ. ಬರೆಯುವುದು ಬಿಟ್ಟುಹೋಗಿದೆ. ಅದಕ್ಕೇ ಪಾಪ, ಟೋಪಿ ಇಟ್ಟರೆ ಹಪ್ಪಳವಾಗುತ್ತೆ, ಹೆಸರು ಹಾಕಿಸಿದರೆ ಎಡವಟ್ಟಾಗುತ್ತೆ, ಹೊಗಳಿಕೆ ಬರೆಸಿದರೆ ಕಸವಾಗುತ್ತೆ. ಅರವತ್ತು ವರ್ಷ ತಲೆಯಲ್ಲಿ ಏನೂ ಬರೆಯದೆ ಬದುಕಿದ್ದಾರೆ. ಅವನಿಗೆ ಕಣ್ಣಲ್ಲಿ ನೀರು ಬಂತು. ಇನ್ನೂ ಜೋರಾಗಿ ಓಡಿದ.

ಪುರಭವನ ಕಿಕ್ಕಿರಿದಿತ್ತು. ಹೆಂಗಸರ ಸಾಲಿನಲ್ಲಿ ದ್ಯಾವೀರಮ್ಮನೂ ಇದ್ದಳು. ವೇದಿಕೆಯ ಮೇಲೆ ಅಧ್ಯಕ್ಷರು ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಹಾರ ಹಾಕಿ ಆಗಿತ್ತು, ಶಾಲು ಹೊದಿಸಿ ಆಗಿತ್ತು. ಜರಿಪೇಟ ತೊಡಿಸುವುದಕ್ಕೆ ಅಂತ ಹೊಸ ಟೋಪಿ ತೆಗೆಸಿದ್ದರು. ಪೇಟ ಹಿಡಿದವರು ಒಂದು ಹೆಜ್ಜೆ ದೂರದಲ್ಲಿದ್ದರು. ಅಧ್ಯಕ್ಷರು ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಊರಿನ ಗೌರವ ಬಂದು ಕೂರುವುದನ್ನು ಕಾಯುತ್ತಿದ್ದರು.

ಆಗ ಬೋರಲಿಂಗ ಮೆಟ್ಟಿಲು ಹತ್ತಿದ. ಎಲ್ಲರೂ ದಾರಿ ಬಿಟ್ಟರು. ಕೈಯಲ್ಲಿ ತಟ್ಟೆ ಇದ್ದದ್ದರಿಂದ ಮಂಗಳಾರತಿ ಅಂದುಕೊಂಡರು. ಹೆಂಗಸರ ಸಾಲಿನಲ್ಲಿ ಪಕ್ಕದವಳು, ವೇದಿಕೆ ಹತ್ತಿದೋನು ಯಾರು ಅಂತ ಕೇಳಿದಳು. ದ್ಯಾವೀರಮ್ಮ ಬೆನ್ನು ನೇರ ಮಾಡಿ, ನನ್ನ ಮಗ ಕಣವ್ವ, ಶೆಟ್ಟರ ಅಚ್ಚುಕೂಟದಲ್ಲಿ ಕೆಲಸದಲ್ಲಿದ್ದಾನೆ ಅಂದಳು. ಆ ಮಾತಿನ ಸುಖ ಅವಳಿಗೆ ಎಷ್ಟು ಹೊತ್ತು ಸಿಕ್ಕಿತು ಅಂದರೆ, ಅಕ್ಷರವನ್ನು ಮಸಿಗೆ ಅದ್ದಿ ಎತ್ತುವಷ್ಟು ಹೊತ್ತು.

ಬೋರಲಿಂಗ ಅಧ್ಯಕ್ಷರ ತಲೆಯನ್ನು ಎಡಗೈಯಲ್ಲಿ ಹಿಡಿದು ನೆಟ್ಟಗೆ ಮಾಡಿದ. ನಡುಮಧ್ಯ ಯಾವುದೆಂದು ಹೆಬ್ಬೆರಳಿನಲ್ಲಿ ಅಳೆದ. ಆಮೇಲೆ, ಆ ಯಂತ್ರವನ್ನು ಒಂದೇ ಕೈಯಲ್ಲಿ ಎಳೆಯುತ್ತಿದ್ದವನು, ಗಟ್ಟಿಯಾಗಿ ಒತ್ತಿದ. ಅಧ್ಯಕ್ಷರು ಕುರ್ಚಿಯ ಸಮೇತ ಎರಡು ಅಂಗುಲ ಕೆಳಗಿಳಿದರು. ಪತ್ರವನ್ನೂ ಒತ್ತಬೇಕು ಅಂತ ಇನ್ನೊಂದು ಕಟ್ಟನ್ನು ಎತ್ತುವಷ್ಟರಲ್ಲಿ ಎಂಟು ಜನ ಅವನ ಕೈಗೆ ಜೋತುಬಿದ್ದರು. ಅದೂ ಅಲ್ಲದೆ ಆ ತಲೆಯಲ್ಲಿ ಅಷ್ಟೊಂದು ಜಾಗವೂ ಇರಲಿಲ್ಲ.

ಕೈ ತೆಗೆದಾಗ ನುಣ್ಣನೆಯ ತಲೆಯ ನಟ್ಟನಡುವೆ, ಒಂದು ಕೂದಲೆಳೆಯಷ್ಟೂ ವಾರೆಯಾಗದೆ, ಕೊಂಬು ಬಳ್ಳಿ ಗೊರಸು ಒಂದೂ ಬಿಡದೆ, ಎರಡು ಅಕ್ಷರ ಹೊಳೆಯುತ್ತಿತ್ತು. ಮಾನ. ಹಿಂದಿನ ಸಾಲಿನವರೂ ಸಲೀಸಾಗಿ ಓದಿದರು. ಪಾಸ್ಕು ಬಡಗಿ ಕೆತ್ತಿದ್ದೇ ದೂರಕ್ಕೆ ಕಾಣಲಿ ಅಂತ.

ದ್ಯಾವೀರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಪಕ್ಕದವಳಿಗೂ ಗೊತ್ತಾಗಲಿಲ್ಲ. ಹೆಗಲು ಮಾತ್ರ ಕುಣಿಯುತ್ತಿತ್ತು.

ಶೆಟ್ಟರು ಏದುಸಿರು ಬಿಡುತ್ತ ಬಂದು ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ಅಚ್ಚಿನ ಮಸಿ ನೀರಿಗೆ ಹೋಗುವಂಥದ್ದಲ್ಲ. ಒಬ್ಬರು ಸೀಮೆಎಣ್ಣೆ ತಂದರು, ಒಬ್ಬರು ತೌಡು ತಂದರು, ಒಬ್ಬರು ಹುಣಿಸೆಹಣ್ಣು ತಂದರು. ಯಾರು ತಿಕ್ಕಿದರೂ ಬಿಡಲಿಲ್ಲ. ಊರ ಜನವೆಲ್ಲ ಸುತ್ತ ನಿಂತು ನೋಡುತ್ತಿತ್ತು, ನೋಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, ಮಾನ ಹೋಗ್ತಾ ಇಲ್ಲವಲ್ಲ, ಮಾನ ಹೋಗ್ತಾ ಇಲ್ಲವಲ್ಲ ಅಂತ. ಆ ಊರಿನ ಯಾವ ಅಧ್ಯಕ್ಷನ ವಿಷಯದಲ್ಲೂ ಜನ ಹಾಗಂದದ್ದು ಅದೇ ಮೊದಲು.

ಕೊನೆಗೆ ಶೆಟ್ಟರು ಮೆಟ್ಟಿಲ ಮೇಲಿಂದಲೇ ಬೋರಲಿಂಗನಿಗೆ ಹೇಳಿದರು. ಒತ್ತಿದೋನು ನೀನು, ತೆಗೆಯೋನೂ ನೀನೇ. ಪೂರ್ತಿ ತೆಗೆಯೋ ತನಕ ಅವರನ್ನು ಬಿಟ್ಟು ಅಲ್ಲಾಡಬೇಡ.

ಆಗಲಿ ಯಜಮಾನ್ರೇ ಅಂದ ಬೋರಲಿಂಗ. ಅಂಗಿಯ ತೋಳು ಮಡಚಿ, ಬಟ್ಟೆಯನ್ನು ಸೀಮೆಎಣ್ಣೆಗೆ ಅದ್ದಿ, ಅಧ್ಯಕ್ಷರ ತಲೆಯನ್ನು ಕಂಕುಳಲ್ಲಿ ಹಿಡಿದುಕೊಂಡು ತಿಕ್ಕತೊಡಗಿದ. ಅವರು ನೋವಿಗೆ ನರಳಿದರು. ಸಮಾಧಾನ ಹೇಳಬೇಕು ಅನ್ನಿಸಿತು ಬೋರಲಿಂಗನಿಗೆ. ತುಂಬಿದ ಸಭೆಯಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ, ಬಾಯಿತುಂಬ ಹೇಳಿದ.

"ಹೆದರಬೇಡಿ ಬುದ್ಧಿ. ನಿಮ್ಮ ಮಾನ ಪೂರ್ತಿ ಕಳೆದೇ ನಾನು ಮನೆಗೆ ಹೋಗೋದು."

ನಕ್ಕೋರಿಗೆ ಹೊಟ್ಟೆ ನೋವು, ಹೇಳಿದೋನಿಗೆ ಗಂಟಲು ನೋವು. ಒಂದು ಲೋಟ ಮಜ್ಜಿಗೆ ಇದ್ದರೆ ಈ ಕಡೆ ಕಳಿಸಿ.